ಚಿತ್ರಗಾರ ಮೋರ್ಸ್

ಹವ್ಯಾಸಿ ರೇಡಿಯೊ ನಡೆಸಲು ಸರ್ಕಾರದ ಪರವಾನಗಿ ಬೇಕು. ಪರವಾನಗಿಗೆ ಮೊದಲು ಒಂದು ಪರೀಕ್ಷೆ. ಕನ್ನಡ ಮೇಷ್ಟ್ರಿಗೆ ಈ ಗೀಳೇಕೆ ಎಂದು ನಮ್ಮ ಕಾಲೇಜಿನಲ್ಲಿ ನಗುವವರುಂಟು. ಭೌತಶಾಸ್ತ್ರದ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ಒಂದು ರಾತ್ರಿ, ಯಾವುದೋ ದೂರದೇಶದಲ್ಲಿ ಕುಳಿತವನೊಬ್ಬನು ಕೀಲಿಯೊತ್ತಿ ಕಳುಹಿಸುತ್ತಿದ್ದ ಸದ್ದನ್ನು ಕೇಳಿದಂದಿನಿಂದ ಅದು ನನಗೆ ಹತ್ತಿತು. ವಿದ್ಯುತ್ತಿನ ಪಾಠ, ಆಂಟೆನಾದ ಲೆಕ್ಕ, ನಿಯಮಾವಳಿ ಇವೆಲ್ಲ ಹೇಗೋ ತಲೆಗೆ ಇಳಿದುವು. ಮೇಲಿನ ದರ್ಜೆಗೆ ಬೇಕಾದ ಮೋರ್ಸ್ ಸಂಕೇತವೊಂದನ್ನು ಮಾತ್ರ ಸುಲಭವೆಂದು ಬಗೆದು ಕೆಟ್ಟೆ.

ಹಾಗೆ ಬಗೆಯಲು ಕಾರಣವಿತ್ತು. ಚುಕ್ಕೆ ಮತ್ತು ಗೆರೆ ಎಂದರೆ ನಮ್ಮ ಲಘು ಮತ್ತು ಗುರುವಲ್ಲದೆ ಮತ್ತೇನು? ಇಪ್ಪತ್ತು ವರ್ಷಗಳಿಂದ ಕಪ್ಪುಹಲಗೆಯ ಮೇಲೆ ಪ್ರಸ್ತಾರ ಹಾಕಿದ ಕೈ ನನ್ನದು. ಮೂರು ಅಂಗದ ಮೋರ್ಸ್ ಅಕ್ಷರಗಳು ಎಂಟೇ ಎಂಟು, ನಮ್ಮ ಅಕ್ಷರಗಣಗಳೂ ಎಂಟು. ಒಂದಕ್ಕೊಂದು ಲೋಪವಿಲ್ಲದೆ ಹೊಂದುತ್ತವೆ. ಯಗಣವು ಡಬ್ಲ್ಯು, ಮಗಣವು ಓ, ತಗಣವು ಜಿ, ರಗಣವು ಕೆ, ಜಗಣವು ಆರ್, ಭಗಣವು ಡಿ, ನಗಣವು ಎಸ್, ಸಗಣವು ಯು. ಮುಳುಗುವ ಹಡಗಿನ ಕೂಗಾದ ಎಸ್ಓಎಸ್ ಎಂಬುದು ನಗಣ, ಮಗಣ, ನಗಣ. ವ್ಯತ್ಯಾಸವೊಂದೇ: ನಮ್ಮ ಗುರುವಿಗೆ ಎರಡು ಮಾತ್ರೆ, ಮೋರ್ಸನ ಗೆರೆಗೆ ಮೂರು. ಒಂದೇ ವಾರದಲ್ಲಿ ಇಪ್ಪತ್ತಾರು ಅಕ್ಷರಗಳೂ ಬಾಯಿಗೆ ಬಂದುವು. ಪರೀಕ್ಷೆಯಲ್ಲಿ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಸದ್ದು ಹರಿಯತೊಡಗಿದಾಗ ನಾನು ಗಣವಿಂಗಡಿಸುತ್ತ ಕುಳಿತೆ. ಒಂದು ಅಕ್ಷರವನ್ನು ಬಿಡಿಸುವಷ್ಟರಲ್ಲಿ ಮೂರು ದಾಟಿಹೋಗಿದ್ದುವು. ಫಲಿತಾಂಶವನ್ನು ಹೇಳಬೇಕಾಗಿಲ್ಲ.

ಸೋತವನಿಗೆ ಸೋಲಿಸಿದವನ ವಿಚಾರ ತಿಳಿಯುವ ಆಸೆ ಹುಟ್ಟುವುದು ಸಹಜ. ಹಾಗೆ ನಾನು ಸ್ಯಾಮ್ಯುಯೆಲ್ ಮೋರ್ಸನ ಬಾಳನ್ನು ಓದಿದೆ. ಓದಿದಾಗ ಕಂಡವನು ವಿಜ್ಞಾನಿಯಲ್ಲ, ಒಬ್ಬ ಚಿತ್ರಗಾರ.

ಆತನು ಹುಟ್ಟಿದುದು 1791ರ ಏಪ್ರಿಲ್ 27ರಂದು, ಅಮೆರಿಕದ ಮ್ಯಾಸಚೂಸೆಟ್ಸ್ ಸೀಮೆಯ ಚಾರ್ಲ್ಸ್‌ಟೌನಿನಲ್ಲಿ. ತಂದೆ ಜೆಡಿಡಾಯ ಮೋರ್ಸ್ ಪಾದ್ರಿ; ಭೂಗೋಳದ ಪಠ್ಯಪುಸ್ತಕಗಳನ್ನು ಬರೆದು ಹೆಸರಾದವನು. ಮಗ ಯೇಲ್ ಕಾಲೇಜಿನಲ್ಲಿ ಓದು ಮುಗಿಸಿ 1811ರಲ್ಲಿ ಲಂಡನ್ನಿಗೆ ಹೋಗಿ ರಾಯಲ್ ಅಕಾಡೆಮಿಯಲ್ಲಿ ಚಿತ್ರ ಕಲಿತನು. ಪುರಾಣ, ಇತಿಹಾಸಗಳ ಮಹಾಚಿತ್ರಗಳನ್ನು ಬರೆಯಬೇಕೆಂಬುದು ಅವನ ಹಂಬಲ. ಊರಿಗೆ ಮರಳಿದ ಮೇಲೆ ಅವನಿಗೆ ಸಿಕ್ಕಿದ ಕೆಲಸವೋ ವರ್ತಕರ, ಅವರ ಹೆಂಡಿರ ಮುಖ ಬರೆಯುವುದು. ಊರೂರು ಅಲೆದು ಅದನ್ನೇ ಮಾಡಿದನು. 1818ರಲ್ಲಿ ಲುಕ್ರೀಷಿಯಾ ವಾಕರ್ ಎಂಬವಳನ್ನು ಮದುವೆಯಾದನು. ಆದರೆ ದುಡಿಮೆಗಾಗಿ ಹೆಚ್ಚುಕಾಲ ಮನೆಯಿಂದ ದೂರವೇ ಇರಬೇಕಾಯಿತು.

1825ರಲ್ಲಿ ಅದೃಷ್ಟ ಕಣ್ಣು ತೆರೆದಂತಾಯಿತು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದ್ದ ಫ್ರೆಂಚ್ ವೀರ ಲಾಫಯೆಟ್ ಆಗ ಆ ದೇಶದ ಪ್ರವಾಸದಲ್ಲಿದ್ದನು. ಅವನ ಆಳೆತ್ತರದ ಚಿತ್ರವನ್ನು ಬರೆಯಲು ನ್ಯೂಯಾರ್ಕ್ ನಗರಸಭೆ ಮೋರ್ಸನನ್ನು ಆರಿಸಿತು. ಮೋರ್ಸ್ ವಾಷಿಂಗ್ಟನ್ನಿಗೆ ಹೋದನು. ನ್ಯೂಹೇವನ್ನಿನ ಮನೆಯಲ್ಲಿ ಲುಕ್ರೀಷಿಯಾ ಮೂರನೆಯ ಮಗುವಿನ ಬಾಣಂತಿ. ಫೆಬ್ರವರಿ 7ರಂದು ಅವಳು ಹಠಾತ್ತನೆ ತೀರಿಕೊಂಡಳು, ವಯಸ್ಸು ಇಪ್ಪತ್ತೈದು. ಆಗಿನ ಅಂಚೆ ಕುದುರೆಗಾಡಿಯ ಅಂಚೆ. ಅವಳು ಸತ್ತ ಮೇಲೂ ಗಂಡನು ಅವಳಿಗೆ ಲಾಫಯೆಟ್ಟನ ಭೇಟಿಯ ಸಂಭ್ರಮವನ್ನು ಕಾಗದದಲ್ಲಿ ಬರೆಯುತ್ತಿದ್ದನು. ತಂದೆಯ ಪತ್ರ ಕೈಸೇರಿ, ಹಗಲಿರುಳು ಪಯಣಿಸಿ ಮನೆ ಮುಟ್ಟುವ ಹೊತ್ತಿಗೆ ಅವಳನ್ನು ಮಣ್ಣುಮಾಡಿ ಆಗಿತ್ತು.

ಇಲ್ಲಿ ನಾನು ಓದುವುದನ್ನು ನಿಲ್ಲಿಸಿದೆ. ನಾನು ಚಿಕ್ಕವನಾಗಿದ್ದಾಗ ಬಳ್ಳಾರಿಯಲ್ಲಿದ್ದ ನಮ್ಮ ಮನೆಗೆ ಮಲೆನಾಡಿನ ಊರಿನಿಂದ ಒಂದು ತಂತಿ ಬಂದಿತ್ತು. ತಾತ ಹೋಗಿ ಎರಡು ದಿನವಾದ ಮೇಲೆ ಬಂದ ತಂತಿ ಅದು. ಅಪ್ಪ ಊರು ಸೇರಿದಾಗ ಅವರಿಗೆ ಉಳಿದಿದ್ದುದು ಬೂದಿ. ಆ ಚೀಟಿಯನ್ನು ಅವರು ಕೊನೆಯವರೆಗೂ ಪಂಚಾಂಗದ ನಡುವೆ ಇಟ್ಟುಕೊಂಡಿದ್ದರು, ಯಾರನ್ನೂ ದೂರಲಿಲ್ಲ. 2013ರ ಜುಲೈಯಲ್ಲಿ ನಮ್ಮ ದೇಶದ ತಂತಿ ಸೇವೆ ನಿಂತಾಗ ಪತ್ರಿಕೆಗಳಲ್ಲಿ ಎಷ್ಟೋ ನೆನಪುಗಳು ಬಂದುವು. ನನಗೆ ನೆನಪಾದುದು ಈ ಚೀಟಿ.

ಹೆಂಡತಿಯ ಸಾವಿನ ಸುದ್ದಿ ತಡವಾಗಿ ಬಂದುದರಿಂದಲೇ ಮೋರ್ಸನು ತಂತಿಯನ್ನು ಕಂಡುಹಿಡಿದನೆಂದು ಕೆಲವರು ಬರೆಯುತ್ತಾರೆ. ನಾನೂ ತರಗತಿಯಲ್ಲಿ ಹಾಗೆಯೇ ಹೇಳಿದ್ದೆ. ಕತೆ ಚೆನ್ನಾಗಿದೆ, ಆದರೆ ಅವನ ಬಾಳು ಆ ದಾರಿಯಲ್ಲಿ ನಡೆಯಲಿಲ್ಲ. ಅವನು ಲಾಫಯೆಟ್ಟನ ಚಿತ್ರವನ್ನು ಮುಗಿಸಿದನು, 1826ರಲ್ಲಿ ಕಲಾವಿದರ ರಾಷ್ಟ್ರೀಯ ಅಕಾಡೆಮಿಯನ್ನು ಕಟ್ಟಿ ಅದರ ಮೊದಲ ಅಧ್ಯಕ್ಷನಾದನು, ತಂದೆತಾಯಿಯನ್ನು ಕಳೆದುಕೊಂಡನು, ಯೂರೋಪಿಗೆ ಹೋಗಿ ಲೂವ್ರ್ ಚಿತ್ರಶಾಲೆಯ ಮೂವತ್ತೆಂಟು ಕೃತಿಗಳನ್ನು ಒಂದೇ ಪಟದಲ್ಲಿ ನಕಲಿಸಿದನು. ವಿದ್ಯುತ್ತಿನ ವಿಚಾರ ತಲೆಗೆ ಬಂದುದು ಏಳು ವರ್ಷಗಳ ಮೇಲೆ, 1832ರಲ್ಲಿ ಸಲ್ಲಿ ಎಂಬ ಹಡಗಿನಲ್ಲಿ ಮರಳುವಾಗ. ಚಾರ್ಲ್ಸ್ ಜಾಕ್ಸನ್ ಎಂಬ ವೈದ್ಯನೊಡನೆ ವಿದ್ಯುತ್ಕಾಂತದ ಮಾತು ಬಂದಿತು. ಮೋರ್ಸ್ ತನ್ನ ಟಿಪ್ಪಣಿಪುಸ್ತಕದಲ್ಲಿ ಗುರುತು ಹಾಕತೊಡಗಿದನು. ಆ ಕಲ್ಪನೆ ತನ್ನದೆಂದು ಜಾಕ್ಸನ್ ಅನಂತರ ಜಗಳ ತೆಗೆದನು.

ಆಗಲೂ ಅವನು ಕುಂಚ ಬಿಡಲಿಲ್ಲ. ಲೂವ್ರ್ ಪಟ ಕಡಮೆ ಬೆಲೆಗೆ ಹೋಯಿತು. 1982ರಲ್ಲಿ ಅದೇ ಪಟ 32 ಲಕ್ಷ 50 ಸಾವಿರ ಡಾಲರಿಗೆ ಮಾರಾಟವಾದುದನ್ನು ಕಾಣಲು ಅವನಿರಲಿಲ್ಲ. ವಾಷಿಂಗ್ಟನ್ನಿನ ಶಾಸನಭವನದ ಗೋಡೆಗೆ ಇತಿಹಾಸದ ಚಿತ್ರ ಬರೆಯುವ ಕೆಲಸ 1837ರಲ್ಲಿ ಕೈತಪ್ಪಿತು. ಅವನು ಬಹುಮಟ್ಟಿಗೆ ಚಿತ್ರವನ್ನೇ ತೊರೆದನು. ನಾನು ತಿಳಿದಮಟ್ಟಿಗೆ ತಂತಿಯ ತಾಯಿ ಈ ಸೋಲು, ಆ ಸಾವಲ್ಲ. ಅವನ ಮೊದಲ ಯಂತ್ರವನ್ನು ಕಟ್ಟಿದುದು ಚಿತ್ರದ ಬಟ್ಟೆಯನ್ನು ಬಿಗಿಯುವ ಮರದ ಚೌಕಟ್ಟಿನಿಂದಲೇ.

ಒಬ್ಬನೇ ಮಾಡಿದ ಕೆಲಸವೂ ಇದಲ್ಲ. ದೂರಕ್ಕೆ ವಿದ್ಯುತ್ತನ್ನು ಸಾಗಿಸುವ ಉಪಾಯ ಜೋಸೆಫ್ ಹೆನ್ರಿಯ ಸಂಶೋಧನೆಯಿಂದ, ಲಿಯೊನಾರ್ಡ್ ಗೇಲ್ ಎಂಬ ಅಧ್ಯಾಪಕನ ಮೂಲಕ ಬಂದಿತು. ಹಣ, ಕೈಚಳಕಗಳು ಆಲ್ಫ್ರೆಡ್ ವೇಲ್ ಎಂಬ ತರುಣನವು. ಮೋರ್ಸ್ ಮೊದಲು ಎಣಿಸಿದ್ದುದು ಪ್ರತಿ ಪದಕ್ಕೂ ಒಂದು ಸಂಖ್ಯೆ ಕೊಟ್ಟ ದೊಡ್ಡ ನಿಘಂಟನ್ನು. ಅಕ್ಷರಕ್ಕೊಂದು ಗುರುತೆಂಬ ಏರ್ಪಾಡು ಆಮೇಲಿನದು. ಅದರಲ್ಲಿ ವೇಲನ ಪಾಲೆಷ್ಟೆಂಬ ವಾದ ಇಂದಿಗೂ ಮುಗಿದಿಲ್ಲ. ಮುದ್ರಣಾಲಯದಲ್ಲಿ ಯಾವ ಮೊಳೆ ಎಷ್ಟಿದೆಯೆಂದು ಎಣಿಸಿ, ಹೆಚ್ಚು ಬಳಕೆಯ ಅಕ್ಷರಕ್ಕೆ ಚಿಕ್ಕ ಗುರುತನ್ನು ಕೊಟ್ಟರೆಂದು ಹೇಳುವರು. ಇ ಎಂಬುದು ಒಂದೇ ಚುಕ್ಕೆಯಾದುದು ಹೀಗೆ.

1843ರಲ್ಲಿ ಅಮೆರಿಕದ ಸಂಸತ್ತು 30,000 ಡಾಲರ್ ಕೊಟ್ಟಿತು. ಚರ್ಚೆಯಲ್ಲಿ ಒಬ್ಬ ಸದಸ್ಯನು, ಇದರಲ್ಲಿ ಅರ್ಧವನ್ನು ಸಮ್ಮೋಹನವಿದ್ಯೆಗೂ ಕೊಡಬಹುದೆಂದು ಗೇಲಿಮಾಡಿದನು. ನೆಲದಡಿ ಹೂಳಿದ ತಂತಿ ಕೆಟ್ಟು, ಕಂಬ ನೆಟ್ಟು, 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ಬೈಬಲ್ಲಿನ ಒಂದು ವಾಕ್ಯ ಹೋಯಿತು. ಮುಂದಿನದು ಕೀರ್ತಿ, ಹಣ, ಮೊಕದ್ದಮೆಗಳು.

ಈ ಮನುಷ್ಯನನ್ನು ಪೂಜಿಸುವುದು ನನ್ನಿಂದಾಗದು. ಗುಲಾಮಗಿರಿ ದೈವಸಮ್ಮತವೆಂದು ಅವನು ಬರೆದನು. ಕ್ಯಾಥೊಲಿಕ್ ವಲಸೆಗಾರರನ್ನು ದ್ವೇಷಿಸಿ ಆ ದ್ವೇಷದ ಮೇಲೆಯೇ 1836ರಲ್ಲಿ ನ್ಯೂಯಾರ್ಕಿನ ಮೇಯರ್ ಪದವಿಗೆ ನಿಂತು ಸೋತನು. ಮಕ್ಕಳಿಗಾಗಿ ಬರೆದ ಜೀವನಚರಿತ್ರೆಗಳಲ್ಲಿ ಇದನ್ನು ಮುಚ್ಚಿಡುತ್ತಾರೆ. ದೂರದೂರದವರನ್ನು ಹತ್ತಿರ ತಂದವನಿಗೆ ಪಕ್ಕದವನು ಹತ್ತಿರವಾಗಲಿಲ್ಲ.

ನನ್ನ ಸೋಲಿಗೆ ಮದ್ದು ಸಿಕ್ಕಿದುದೂ ಈ ಓದಿನಲ್ಲಿಯೇ. ಮೋರ್ಸನ ಯಂತ್ರ ಸುದ್ದಿಯನ್ನು ಕಾಗದದ ಪಟ್ಟಿಯ ಮೇಲೆ ಗುರುತಿಸುತ್ತಿತ್ತು. ಚಿತ್ರಗಾರನಾದ ಅವನು ಅದನ್ನು ಕಣ್ಣಿಗಾಗಿ ರಚಿಸಿದ್ದನು. ಯಂತ್ರದ ಮುಂದೆ ಕುಳಿತ ಕೆಲಸಗಾರರು ಪಟ್ಟಿಯನ್ನು ನೋಡದೆ ಟಕಟಕ ಸದ್ದಿನಿಂದಲೇ ಸುದ್ದಿಯನ್ನು ಬರೆದುಕೊಳ್ಳತೊಡಗಿದರು. ಮೇಲಿನವರಿಗೆ ಮೊದಮೊದಲು ಅದು ಹಿಡಿಸಲಿಲ್ಲ. ನಾನು ಹಾಕುತ್ತಿದ್ದ ಪ್ರಸ್ತಾರವೂ ಕಣ್ಣಿನ ವಿದ್ಯೆ. ಈಗ ಕಾಗದ ಬಿಟ್ಟಿದ್ದೇನೆ; ರಾತ್ರಿ ದೀಪವಾರಿಸಿ ಕೇಳುತ್ತೇನೆ. ರಗಳೆಯನ್ನು ಓದುವಾಗ ಯಾರೂ ಮಾತ್ರೆ ಎಣಿಸುವುದಿಲ್ಲವಷ್ಟೆ.

1871ರ ಜೂನ್ 10ರಂದು ನ್ಯೂಯಾರ್ಕಿನ ಸಭೆಯೊಂದರಲ್ಲಿ, ಎಂಬತ್ತು ವರ್ಷದ ಮೋರ್ಸ್ ತಂತಿಗಾರರೆಲ್ಲರಿಗೆ ಹೋಗುವ ಸಂದೇಶದ ಕೆಳಗೆ ಕೀಲಿಯೊತ್ತಿ ತನ್ನ ಹೆಸರನ್ನು ತಾನೇ ಕಳುಹಿಸಿದನು. ಮರುವರ್ಷದ ಏಪ್ರಿಲ್ 2ರಂದು ತೀರಿಕೊಂಡನು. ನಾವು ಕಲಿಯುವ ಸಂಕೇತ ಜರ್ಮನಿಯ ಗೆರ್ಕೆ ಎಂಬವನು 1848ರಲ್ಲಿ ತಿದ್ದಿದ ಪಾಠದಿಂದ ಬೆಳೆದುದು. ಮೋರ್ಸನ ಆ ಸಹಿಯನ್ನು ನನ್ನ ಪರೀಕ್ಷೆಯಲ್ಲಿ ಕೇಳಿಸಿದರೆ ಅವನ ಮನೆತನದ ಹೆಸರಿನಲ್ಲಿ ಎಂ, ಎಸ್, ಇ ಈ ಮೂರನ್ನು ಬರೆದುಕೊಳ್ಳಬಲ್ಲೆ. ಓ ಮತ್ತು ಆರ್ ತಪ್ಪಿಹೋಗುತ್ತವೆ.