ದಿನಕ್ಕೆ ಎರಡೇ ಆಟ

ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ 1876ರಲ್ಲಿ ಚಾರ್ಲ್ಸ್ ಡಾರ್ವಿನ್ ಬರೆದ ಕಾಗದವೊಂದರಲ್ಲಿ ವಿಚಿತ್ರವಾದ ಲೆಕ್ಕವಿದೆ. ಅದು ಗಿಡದ್ದಲ್ಲ, ಹುಳದ್ದೂ ಅಲ್ಲ. ಹೆಂಡತಿ ಎಮ್ಮಾ ಅಷ್ಟು ಹೊತ್ತಿಗೆ 2,490 ಆಟ ಗೆದ್ದಿದ್ದಳು, ತಾನು 2,795 ಗೆದ್ದಿದ್ದ. ಆಟ ಬ್ಯಾಕ್‌ಗ್ಯಾಮನ್. ದಾಳ ಹಾಕಿ ಕಾಯಿ ನಡೆಸುವುದು, ನಮ್ಮ ಪಗಡೆಯ ದೂರದ ನೆಂಟ ಅನ್ನಬಹುದು. ರಾತ್ರಿಗೆ ಎರಡೇ ಆಟ, ಹೆಚ್ಚಿಲ್ಲ, ಕಡಿಮೆಯಿಲ್ಲ. ಆ ಲೆಕ್ಕದಲ್ಲಿ 5,285 ಆಟವೆಂದರೆ ಏಳು ವರ್ಷಕ್ಕೂ ಮೀರಿದ ರಾತ್ರಿಗಳು.

ರಿಟೈರ್ ಆದ ಮೇಲೆ ಊರಿಗೆ ಹೋಗುವುದೋ ಇಲ್ಲೇ ಇರುವುದೋ ಎಂದು ಮುಂಬಯಿಯಲ್ಲೂ ಪುಣೆಯಲ್ಲೂ ನಾವು ವರ್ಷಗಟ್ಟಲೆ ಚರ್ಚಿಸುತ್ತೇವೆ. ಫ್ಲಾಟು, ಪೆನ್ಶನ್ನು, ಆಸ್ಪತ್ರೆ ಎಷ್ಟು ಹತ್ತಿರ, ಎಲ್ಲ ಚರ್ಚೆಯಾಗುತ್ತದೆ. ಇಬ್ಬರೇ ಉಳಿದ ಮನೆಯಲ್ಲಿ ಬೆಳಗಿನಿಂದ ರಾತ್ರಿಯ ತನಕ ಏನು ಮಾಡುವುದು ಎನ್ನುವುದನ್ನು ಬಿಟ್ಟು.

ಡಾರ್ವಿನ್‌ಗೆ ರಿಟೈರ್ ಆಗಲು ನೌಕರಿಯೇ ಇರಲಿಲ್ಲ. ಅಪ್ಪನ ಆಸ್ತಿ ಸಾಕಷ್ಟಿತ್ತು. ಐದು ವರ್ಷ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿ 1836ರಲ್ಲಿ ಮರಳಿದವನು ಎರಡು ವರ್ಷದ ನಂತರ ಮದುವೆಯ ಲಾಭನಷ್ಟವನ್ನು ಕಾಗದದ ಮೇಲೆ ಎರಡು ಸಾಲಾಗಿ ಪಟ್ಟಿ ಮಾಡಿದ. ನಷ್ಟದ ಕಡೆ ಹಾಳಾಗುವ ಸಮಯ, ಪುಸ್ತಕಕ್ಕೆ ಉಳಿಯದ ಹಣ. ಲಾಭದ ಕಡೆ ಮುಪ್ಪಿನಲ್ಲೊಂದು ಜೊತೆ, ಅದೂ ನಾಯಿಗಿಂತ ಮೇಲೆಂಬ ಟಿಪ್ಪಣಿಯೊಂದಿಗೆ! 1839ರ ಜನವರಿಯಲ್ಲಿ ಎಮ್ಮಾ ವೆಜ್‌ವುಡ್ ಜೊತೆ ಮದುವೆಯಾಯಿತು. ಅವಳು ಅವನ ಸೋದರಮಾವನ ಮಗಳು, ಅವನಿಗಿಂತ ಒಂಬತ್ತು ತಿಂಗಳು ದೊಡ್ಡವಳು. 1842ರಲ್ಲಿ ಲಂಡನ್ ಬಿಟ್ಟು ಕೆಂಟ್ ಪ್ರಾಂತ್ಯದ ಡೌನ್ ಹಳ್ಳಿಗೆ ಹೋದರು. ಅವನಿಗಾಗ 33. ಸಾಯುವ ತನಕ ಅದೇ ಮನೆ.

ಹೊಟ್ಟೆನೋವು, ವಾಂತಿ, ಸುಸ್ತು ಅವನನ್ನು ಕೊನೆಯವರೆಗೂ ಬಿಡಲಿಲ್ಲ. ಅತಿಥಿಗಳ ಜೊತೆ ಅರ್ಧ ಗಂಟೆ ಹೆಚ್ಚು ಮಾತಾಡಿದರೆ ಆ ರಾತ್ರಿ ನಿದ್ದೆಯಿಲ್ಲ. ಹಾಗಾಗಿ ದಿನವನ್ನು ಗಡಿಯಾರಕ್ಕೆ ಕಟ್ಟಿಹಾಕಿದ್ದರು. ಬೆಳಗ್ಗೆ ಎಂಟಕ್ಕೆ ಕೆಲಸ. ಒಂಬತ್ತೂವರೆಗೆ ಬಂದು ಸೋಫಾದಲ್ಲಿ ಮಲಗಿದರೆ ಮನೆಯವರ ಪತ್ರಗಳನ್ನೋ ಕಾದಂಬರಿಯನ್ನೋ ಯಾರಾದರೂ ಗಟ್ಟಿಯಾಗಿ ಓದಬೇಕು. ಮತ್ತೆ ಕೆಲಸ. ಮಧ್ಯಾಹ್ನ ಸ್ಯಾಂಡ್‌ವಾಕ್ ಎಂಬ ಮರಳುದಾರಿಯಲ್ಲಿ ಸುತ್ತು; ಸುತ್ತುಗಳ ಎಣಿಕೆಗೆ ದಾರಿಬದಿಯಲ್ಲಿ ಕಲ್ಲಿನ ಗುಡ್ಡೆ, ಸುತ್ತಿಗೊಂದು ಕಲ್ಲು ಒದೆಯುವುದು. ಮೂರು ಗಂಟೆಗೆ ಪುನಃ ಮಲಗುವುದು, ಒಂದು ಸಿಗರೇಟು, ಎಮ್ಮಾಳ ದನಿಯಲ್ಲಿ ಇನ್ನಷ್ಟು ಕಾದಂಬರಿ. ಕಥೆ ಸುಖಾಂತವಾಗಿರಬೇಕೆಂಬುದು ಅವನ ಹಟ. ರಾತ್ರಿ ಎರಡಾಟದ ನಂತರ ಅವಳು ಪಿಯಾನೊ ನುಡಿಸುತ್ತಿದ್ದಳು. ಹುಡುಗಿಯಾಗಿದ್ದಾಗ ಶೋಪಾನ್‌ನಿಂದಲೇ ಕೆಲವು ಪಾಠ ಕೇಳಿದ್ದ ಕೈ ಅದು. ಕೇಳುವವನಿಗೆ ರಾಗದ ಗುರುತು ಹತ್ತುತ್ತಿರಲಿಲ್ಲ, ಆದರೂ ಕೇಳುತ್ತಿದ್ದ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅನುರೂಪ ದಾಂಪತ್ಯದ ಚಿತ್ರವಾದೀತು. ಅಷ್ಟು ಸಲೀಸಾಗಿರಲಿಲ್ಲ. ಎಮ್ಮಾಳದು ಗಟ್ಟಿಯಾದ ದೈವಭಕ್ತಿ. ಅವನ ನಂಬಿಕೆ ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು. ಮದುವೆಯ ಹೊಸತರಲ್ಲೇ ಅವಳು ಅವನಿಗೊಂದು ಪತ್ರ ಬರೆದಳು. ಸಾಕ್ಷಿಯಿಲ್ಲದೆ ಏನನ್ನೂ ಒಪ್ಪದ ಅವನ ಅಭ್ಯಾಸ ಸಾಕ್ಷಿ ಸಿಗಲಾರದ ಸಂಗತಿಗಳಿಗೂ ಹಬ್ಬೀತೆಂಬ ಅಳುಕು, ಸತ್ತ ಮೇಲೆ ಇಬ್ಬರೂ ಬೇರೆಯಾಗುತ್ತೇವೇನೋ ಎಂಬ ಭಯ ಅದರಲ್ಲಿದ್ದವು. ಎಷ್ಟೋ ಸಲ ಇದನ್ನು ಮುತ್ತಿಟ್ಟು ಅತ್ತಿದ್ದೇನೆಂದು ಆ ಪತ್ರದ ಮೇಲೆಯೇ ಬರೆದು ಡಾರ್ವಿನ್ ಅದನ್ನು ಕಾಪಾಡಿಕೊಂಡ. ನಂಬಿಕೆಗೆ ಮಾತ್ರ ಮರಳಲಿಲ್ಲ. ಹತ್ತು ಮಕ್ಕಳಲ್ಲಿ ಮೂರು ಎಳವೆಯಲ್ಲೇ ಹೋದವು. ಹತ್ತು ವರ್ಷದ ಆನಿ 1851ರಲ್ಲಿ ಮಾಲ್ವರ್ನ್‌ನಲ್ಲಿ ಸತ್ತಾಗ ತುಂಬು ಗರ್ಭಿಣಿ ಎಮ್ಮಾ ಡೌನ್‌ನಲ್ಲಿದ್ದಳು. ಮಗಳ ಪಕ್ಕದಲ್ಲಿದ್ದವನು ಅವನು. ಆ ದುಃಖ ಅವಳನ್ನು ದೇವರ ಕಡೆಗೆ ಒಯ್ದಿತು, ಅವನನ್ನು ಇನ್ನೂ ದೂರಕ್ಕೆ.

ನನಗೆ ಅತಿ ದೊಡ್ಡದಾಗಿ ಕಾಣುವುದು 1844ರ ಘಟನೆ. ಜೀವವಿಕಾಸದ ವಾದವನ್ನು ಬರೆದು ಮುಗಿಸಿ, ತಾನು ಹಠಾತ್ತನೆ ಸತ್ತರೆ 400 ಪೌಂಡ್ ಖರ್ಚು ಮಾಡಿ ಅದನ್ನು ಪ್ರಕಟಿಸಬೇಕೆಂದು ಡಾರ್ವಿನ್ ಪತ್ರವೊಂದನ್ನು ಬರೆದಿಟ್ಟ. ಅದನ್ನು ಬರೆದದ್ದು ಸ್ನೇಹಿತ ವಿಜ್ಞಾನಿಗಳಿಗಲ್ಲ, ಆ ವಾದದಿಂದಲೇ ಮನಸ್ಸು ನೋಯುತ್ತಿದ್ದ ಎಮ್ಮಾಳಿಗೆ. ಅವಳು ಮಾಡಿಯೇ ತೀರುತ್ತಾಳೆಂಬ ಬಗ್ಗೆ ಅವನಿಗೆ ಸಂಶಯವಿರಲಿಲ್ಲ.

ಮುಪ್ಪಿನಲ್ಲಿ ಅವನ ಸಂಶೋಧನೆ ಎರೆಹುಳುವಿಗೆ ಇಳಿಯಿತು. ಹುಳುಗಳಿಗೆ ಕಿವಿ ಕೇಳುತ್ತದೆಯೇ ಎಂದು ನೋಡಲು ಮಡಕೆಗಳು ಪಿಯಾನೊ ಮೇಲೆ ಬಂದವು, ಮಗ ಬಸೂನ್ ಎಂಬ ವಾದ್ಯ ಊದಿದ. ಮನೆಯ ಹಜಾರದಲ್ಲಿ ಹುಳುವಿನ ಮಡಕೆ ಸಹಿಸುವ ಹೆಂಡತಿ ಸಿಗುವುದು ಸುಲಭವಲ್ಲ. ಆ ಪುಸ್ತಕ 1881ರ ಅಕ್ಟೋಬರಿನಲ್ಲಿ ಹೊರಬಂತು. 1882ರ ಏಪ್ರಿಲ್ 19ರಂದು ಡಾರ್ವಿನ್ ಡೌನ್ ಮನೆಯಲ್ಲೇ ತೀರಿಕೊಂಡ. ಅವನಿಗೆ ಹಳ್ಳಿಯ ಚರ್ಚಿನ ಅಂಗಳ ಸಾಕಿತ್ತು. ದೇಶ ವೆಸ್ಟ್‌ಮಿನ್‌ಸ್ಟರ್ ಅಬೆಗೆ ಒಯ್ದಿತು. ಎಮ್ಮಾ ಅಲ್ಲಿಗೆ ಹೋಗಲಿಲ್ಲ, ಮನೆಯಲ್ಲೇ ಉಳಿದಳು.

ಅವನ ಆತ್ಮಕಥೆ 1887ರಲ್ಲಿ ಅಚ್ಚಾಗುವಾಗ ಧರ್ಮದ ಬಗ್ಗೆ ಕಟುವಾಗಿದ್ದ ಮಾತುಗಳನ್ನು ಬಿಡಿಸಲು ಹೇಳಿದವಳು ಅವಳೇ. ಮೊಮ್ಮಗಳು ನೋರಾ ಬಾರ್ಲೋ ಅವನ್ನು ಸೇರಿಸಿ ಪ್ರಕಟಿಸಿದ್ದು 1958ರಲ್ಲಿ. ಗಂಡ ಹೋದ ಮೇಲೆ ಎಮ್ಮಾ ಚಳಿಗಾಲವನ್ನು ಮಕ್ಕಳ ಹತ್ತಿರ ಕೇಂಬ್ರಿಜ್‌ನಲ್ಲಿ ಕಳೆಯತೊಡಗಿದಳು. ಬೇಸಿಗೆ ಬಂದೊಡನೆ ಡೌನ್‌ಗೆ ಮರಳುತ್ತಿದ್ದಳು. 1896ರ ಅಕ್ಟೋಬರ್‌ನಲ್ಲಿ ತೀರಿಕೊಂಡದ್ದೂ ಆ ಮನೆಯಲ್ಲೇ.