ಸಯ್ಯಡಿಯ ದುರ್ಗಸಿಂಹ

ಗದಗ ಜಿಲ್ಲೆಯ ರೋಣ ತಾಲೂಕಿನ ಸವಡಿ ಗ್ರಾಮವು ಸಾವಿರ ವರ್ಷಗಳ ಹಿಂದೆ ಸಯ್ಯಡಿಯೆಂಬ ಹೆಸರಿನ ಅಗ್ರಹಾರವಾಗಿತ್ತು. ಪಟ್ಟದಕಲ್ಲನ್ನು ತಲೆಯೂರಾಗಿ ಉಳ್ಳ ಕಿಸುಕಾಡು ನಾಡಿಗೆ ಅದು ಸೇರಿತ್ತು. ಕನ್ನಡಕ್ಕೆ ಪಂಚತಂತ್ರವನ್ನು ತಂದುಕೊಟ್ಟ ದುರ್ಗಸಿಂಹನ ಜನ್ಮಸ್ಥಳವಿದು. ಮಕ್ಕಳಿಗೆ ಓದಿನ ರುಚಿ ಹತ್ತಿಸುವ ಪುಸ್ತಕ ಹೇಗಿರಬೇಕೆಂಬ ವಿಚಾರ ಬಂದಾಗಲೆಲ್ಲ ಚಿತ್ರಗಳಿರಬೇಕು, ನಗೆಯಿರಬೇಕು, ಮಾತನಾಡುವ ಪ್ರಾಣಿಗಳಿರಬೇಕು ಎಂದು ಶಿಕ್ಷಣತಜ್ಞರು ಹೇಳುವುದುಂಟು. ಇದನ್ನು ಹೊರನಾಡಿನಿಂದ ಬಂದ ಹೊಸ ವಿಚಾರವೆಂದು ಬಗೆಯುವವರು ಸವಡಿಯ ಈ ಕವಿಯನ್ನೊಮ್ಮೆ ನೆನೆಯಬೇಕು.

ಆತನು ಹುಟ್ಟಿದ ನೆಲ ವಿದ್ಯೆಗೆ ಹೊಸತಾಗಿರಲಿಲ್ಲ. ಅಚ್ಚಗನ್ನಡದ ತಿರುಳು ನಾಡನ್ನು ಗುರುತಿಸುವಾಗ ಕವಿರಾಜಮಾರ್ಗವು ಹೆಸರಿಸುವ ನಾಲ್ಕು ಊರುಗಳಲ್ಲಿ ಕಿಸುವೊಳಲು ಒಂದು, ಅದೇ ಪಟ್ಟದಕಲ್ಲು. ಪುಲಿಗೆರೆ ಇನ್ನೊಂದು, ಅದೇ ನಮ್ಮ ಲಕ್ಷ್ಮೇಶ್ವರ. ಲಕ್ಕುಂಡಿಯಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು 1007ರ ಸುಮಾರಿಗೆ ಜಿನಾಲಯವನ್ನು ಕಟ್ಟಿಸಿದ್ದಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯಲ್ಲಿ ಬರೆಯಿಸಿ ಹಂಚಿದವಳೂ ಅವಳೇ. ಅಚ್ಚುಕೂಟವಿಲ್ಲದ ಕಾಲದಲ್ಲಿ ಒಂದು ಪುಸ್ತಕದ ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರ ಎಷ್ಟು ದಿನಗಳ ದುಡಿಮೆ ಎಂಬುದನ್ನು ಊಹಿಸಿಕೊಳ್ಳಬಹುದು. ವಿದ್ಯಾದಾನಕ್ಕೆ ಕೈಯೆತ್ತಿ ಕೊಡುವವರ ಪರಂಪರೆ ಈ ಸೀಮೆಯಲ್ಲಿ ಅಷ್ಟು ಹಳೆಯದು.

ದುರ್ಗಸಿಂಹನ ಬಾಳಿನ ವಿವರಗಳು ಬಹುಮಟ್ಟಿಗೆ ಆತನ ಗ್ರಂಥದ ಪೀಠಿಕೆಯಿಂದಲೇ ದೊರೆಯುತ್ತವೆ. ವೈದಿಕ ಬ್ರಾಹ್ಮಣ ಮನೆತನದವನು. ಮಹಾಯೋಗಿ ಶಂಕರಭಟ್ಟನೆಂಬ ಗುರುವಿನ ಅನುಗ್ರಹಕ್ಕೆ ಪಾತ್ರನಾದವನು. ಮುಂದೆ ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿಯ ಪದವಿಗೇರಿದನು. ನೆರೆಯ ಅರಸರೊಡನೆ ಒಪ್ಪಂದವೋ ಕದನವೋ ಎಂಬುದನ್ನು ತೂಗಿ ನೋಡುವ, ಅದಕ್ಕೆ ತಕ್ಕ ಪತ್ರಗಳನ್ನು ಸಿದ್ಧಪಡಿಸುವ ಅಧಿಕಾರವದು. ಜಯಸಿಂಹನ ಆಳ್ವಿಕೆ ಸುಮಾರು 1015ರಿಂದ 1042ರ ವರೆಗಿನದು. ತೆಂಕಣದಿಂದ ರಾಜೇಂದ್ರ ಚೋಳನ ದಾಳಿ, ವೆಂಗಿಯ ಸಿಂಹಾಸನಕ್ಕಾಗಿ ಎರಡು ಕಡೆಯವರ ಹಗ್ಗಜಗ್ಗಾಟ, ಸಾಮಂತರ ಒಳಸಂಚು: ಇವುಗಳ ನಡುವೆ ಕಳೆದ ದಿನಗಳವು. ಅಂಥ ಹುದ್ದೆಯಲ್ಲಿದ್ದವನು ನರಿಯ ಬುದ್ಧಿಯನ್ನು ಅರಿಯಲು ಕಾಡಿಗೆ ಹೋಗಬೇಕಾಗಿರಲಿಲ್ಲ. ಅಧಿಕಾರ ಬಂದ ಮೇಲೆ ಆತನು ಹುಟ್ಟೂರನ್ನು ಮರೆಯಲಿಲ್ಲ. ಒಡೆಯನ ಅಪ್ಪಣೆ ಪಡೆದು ಸಯ್ಯಡಿಯಲ್ಲಿ ಹರಿಹರರಿಗೆ ದೇವಾಲಯಗಳನ್ನು ಕಟ್ಟಿಸಿದನು.

ಇಂಥ ಮಂತ್ರಿಯು ಬರೆಯಲು ಕುಳಿತಾಗ ಕೈಗೆತ್ತಿಕೊಂಡದ್ದು ತನ್ನ ದೊರೆಯ ವಿಜಯಗಾಥೆಯನ್ನಲ್ಲ. ಪಂಪನೂ ರನ್ನನೂ ತಮ್ಮ ಅರಸರನ್ನು ಭಾರತಕಥೆಯ ವೀರರೊಡನೆ ಸಮೀಕರಿಸಿ ಕಾವ್ಯ ಕಟ್ಟಿದ್ದರು. ದಾರಿ ತೆರೆದೇ ಇತ್ತು. ದುರ್ಗಸಿಂಹನು ಅದನ್ನು ಬಿಟ್ಟು, ಓದೆಂದರೆ ಮುಖ ತಿರುಗಿಸುವ ರಾಜಕುಮಾರರನ್ನು ಕಥೆಗಳಿಂದಲೇ ತಿದ್ದಿದ ವಿದ್ವಾಂಸನೊಬ್ಬನ ವೃತ್ತಾಂತವನ್ನು ಆರಿಸಿಕೊಂಡನು. ಪಂಚತಂತ್ರದ ಹೊರಚೌಕಟ್ಟು ಎಲ್ಲರಿಗೂ ಪರಿಚಿತವಾದುದೇ. ಅರಸನಿಗೆ ಸಂಪತ್ತಿದೆ, ಮಕ್ಕಳಿದ್ದಾರೆ. ಆದರೆ ಮಕ್ಕಳಿಗೆ ಅಕ್ಷರದ ಹಂಗಿಲ್ಲ. ಶಾಸ್ತ್ರ ಬಲ್ಲ ಪಂಡಿತರು ಇದ್ದೂ ಉಪಯೋಗವಿಲ್ಲ. ಕಡೆಗೊಬ್ಬ ಹಿರಿಯನು ಬಂದು ಶಾಸ್ತ್ರವನ್ನು ಬದಿಗಿರಿಸಿ, ಸಿಂಹ, ಎತ್ತು, ಕಾಗೆ, ಗೂಬೆಗಳನ್ನು ಕರೆತಂದು ಮಾತನಾಡಿಸುತ್ತಾನೆ. ಕೇಳುತ್ತ ಕೇಳುತ್ತ ಹುಡುಗರು ತಮಗರಿವಿಲ್ಲದೆಯೇ ರಾಜನೀತಿಯನ್ನು ಕಲಿತುಬಿಡುತ್ತಾರೆ. ಬೆತ್ತದ ಪ್ರಸ್ತಾಪವೇ ಇಲ್ಲದ ಪಾಠಶಾಲೆಯಿದು.

ಆ ಹಿರಿಯನು ವಿಷ್ಣುಶರ್ಮನೆಂದು ಸಾಮಾನ್ಯವಾಗಿ ಹೇಳುವುದುಂಟು. ದುರ್ಗಸಿಂಹನಲ್ಲಿ ಆತನು ವಸುಭಾಗಭಟ್ಟ. ಗುಣಾಢ್ಯನ ಬೃಹತ್ಕಥೆಯಿಂದ ಐದು ಕಥೆಗಳನ್ನು ಆಯ್ದು ವಸುಭಾಗನು ಸಂಸ್ಕೃತದಲ್ಲಿ ರಚಿಸಿದ ಪಂಚತಂತ್ರವೇ ತನಗೆ ಮೂಲವೆಂದು ಕವಿ ಸ್ಪಷ್ಟಪಡಿಸಿದ್ದಾನೆ. ಭೇದ, ಪರೀಕ್ಷೆ, ವಿಶ್ವಾಸ, ವಂಚನೆ, ಮಿತ್ರಕಾರ್ಯ ಎಂಬುವು ಇದರ ಐದು ತಂತ್ರಗಳು. ವಸುಭಾಗನ ಆ ಸಂಸ್ಕೃತ ಗ್ರಂಥ ಇಂದು ಲಭ್ಯವಿಲ್ಲ. ಜಾವಾ ಮತ್ತು ಲಾವೋಸ್ ದೇಶಗಳ ತಂತ್ರಿ ಕಥೆಗಳಲ್ಲಿ ಅದರ ಛಾಯೆ ಕಾಣುತ್ತದೆ. ಭಾರತದಲ್ಲಿ ಅದನ್ನು ಅರಿಯಲು ಮುಖ್ಯ ಆಧಾರವಾಗಿ ಉಳಿದಿರುವುದು ಈ ಕನ್ನಡ ಕೃತಿ. ವಿದ್ವಾಂಸ ಎ. ವೆಂಕಟಸುಬ್ಬಯ್ಯನವರು ಈ ಸಂಬಂಧವನ್ನು ಶ್ರಮವಹಿಸಿ ಶೋಧಿಸಿದರು. ದೇವಭಾಷೆ ಕಳೆದುಕೊಂಡುದನ್ನು ಕಿಸುಕಾಡಿನ ಕನ್ನಡ ಕಾಪಾಡಿಕೊಂಡಿತು! ಅಷ್ಟೇ ಅಲ್ಲ, ಪೀಠಿಕೆಯಲ್ಲಿ ಪೂರ್ವಕವಿಗಳನ್ನು ನೆನೆಯುವಾಗ ದುರ್ಗಸಿಂಹನು ಕನ್ನಮಯ್ಯ, ಮನಸಿಜ, ಗಜಾಂಕುಶ ಮೊದಲಾದವರ ಹೆಸರುಗಳನ್ನು ಹೇಳುತ್ತಾನೆ. ಅವರ ಕಾವ್ಯಗಳು ಹೋದವು. ಹೆಸರುಗಳು ಇಲ್ಲಿ ಉಳಿದವು.

ಇನ್ನು ಚಿತ್ರಗಳ ಮಾತು. ಪಂಚತಂತ್ರವು 6ನೆಯ ಶತಮಾನದಲ್ಲಿ ಪಾರಸಿಕಕ್ಕೆ ಹೋಗಿ, 8ನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನ ಲೇಖನಿಯಿಂದ ಅರಬ್ಬೀ ಭಾಷೆಗೆ ಇಳಿಯಿತು. ಕರಟಕ ದಮನಕರೆಂಬ ನರಿಗಳು ಅಲ್ಲಿ ಕಲೀಲ ದಿಮ್ನರಾದರು. ಬಣ್ಣದ ಚಿತ್ರಗಳು ಮನಸ್ಸನ್ನು ಸೆಳೆಯುತ್ತವೆಂಬುದನ್ನು ಆತನು ತನ್ನ ಪೀಠಿಕೆಯಲ್ಲಿಯೇ ಗಮನಿಸಿದ್ದಾನೆ. ಆ ಕೃತಿಯ ಸಚಿತ್ರ ಹಸ್ತಪ್ರತಿಗಳು ಮುಂದೆ ಜಗತ್ಪ್ರಸಿದ್ಧವಾದವು. ಅದೇ 8ನೆಯ ಶತಮಾನದಲ್ಲಿ ಬಾದಾಮಿಯ ಚಾಲುಕ್ಯರ ಶಿಲ್ಪಿಗಳು ಪಟ್ಟದಕಲ್ಲಿನ ಗುಡಿಗಳಲ್ಲಿ ಪಂಚತಂತ್ರದ ಪ್ರಸಂಗಗಳನ್ನು ಕಡೆದಿಟ್ಟಿದ್ದರು. ಅಕ್ಷರ ಬಾರದವರಿಗೂ ಎಟುಕುವ ಚಿತ್ರಪುಸ್ತಕವದು, ಹರಿಯದ ಹಾಳೆಗಳದು. ಕಿಸುಕಾಡಿನ ಹುಡುಗನೊಬ್ಬನು ಬರೆಹದ ಓಲೆಗಿಂತ ಮುಂಚೆ ಆ ಕಂಬಗಳ ಮುಂದೆ ನಿಂತಿದ್ದರೆ ಅಚ್ಚರಿಯೇನಿಲ್ಲ.

ನಗೆಯ ಬಗೆ ತಿಳಿಯಬೇಕಾದರೆ ವೃಕ್ಷಸಾಕ್ಷಿಯ ಕಥೆಯೊಂದು ಸಾಕು. ದುಷ್ಟಬುದ್ಧಿ, ಧರ್ಮಬುದ್ಧಿ ಎಂಬ ಇಬ್ಬರು ವ್ಯಾಪಾರಿಗಳು ಗಳಿಸಿದ ಹೊನ್ನನ್ನು ಆಲದ ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಇರುಳಿನಲ್ಲಿ ಅದನ್ನು ಕದ್ದು, ಹಗಲಿನಲ್ಲಿ ಗೆಳೆಯನ ಮೇಲೆ ಕಳವು ಹೊರಿಸುತ್ತಾನೆ. ಸಾಕ್ಷಿ ಯಾರೆಂದು ನ್ಯಾಯಾಧಿಕಾರಿಗಳು ಕೇಳಿದರೆ ಮರವೇ ಸಾಕ್ಷಿಯೆನ್ನುತ್ತಾನೆ. ಮುದಿ ತಂದೆ ಬುದ್ಧಿ ಹೇಳಿದರೂ ಕೇಳದೆ ಆತನನ್ನೇ ಪೊಟರೆಯಲ್ಲಿ ಕೂರಿಸುತ್ತಾನೆ. ಮರ ಬಾಯಿಬಿಟ್ಟು ಧರ್ಮಬುದ್ಧಿಯೇ ಕಳ್ಳನೆಂದಾಗ ಅಧಿಕಾರಿಗಳು ಬೆರಗಾಗುತ್ತಾರೆ! ಧರ್ಮಬುದ್ಧಿ ಮಾತ್ರ ಬೆರಗಾಗದೆ ಪೊಟರೆಗೆ ಹೊಗೆಯಿಕ್ಕುತ್ತಾನೆ. ದೇವವಾಣಿ ಕೆಮ್ಮುತ್ತ ಒದ್ದಾಡುತ್ತ ಕೆಳಕ್ಕುರುಳುತ್ತದೆ. ಇಲ್ಲಿ ನಗೆಗೀಡಾಗುವವರು ಕಳ್ಳನಿಗಿಂತ ಹೆಚ್ಚಾಗಿ ನ್ಯಾಯಪೀಠದವರು. ಮುದುಕನ ಸಾವಿನಲ್ಲಿ ಆ ನಗೆ ಗಂಟಲಲ್ಲಿಯೇ ನಿಲ್ಲುತ್ತದೆ. ರಾಜಸಭೆಯನ್ನು ಒಳಗಿನಿಂದ ಕಂಡವನು ಬರೆದದ್ದೆಂಬುದು ತಾನಾಗಿ ತಿಳಿಯುತ್ತದೆ.

ಗುಣದೊಡನೆ ಕೊರತೆಯನ್ನೂ ಹೇಳಬೇಕು. ಓದಲೊಲ್ಲದ ಮಕ್ಕಳ ಕಥೆಯನ್ನು ಹೇಳಹೊರಟ ಕವಿ ಅದನ್ನು ಮಕ್ಕಳು ಓದಬಲ್ಲ ನುಡಿಯಲ್ಲಿ ಹೇಳಲಿಲ್ಲ. ಗದ್ಯ ಪದ್ಯಗಳು ಬೆರೆತ ಚಂಪುವಿನಲ್ಲಿ, ಉದ್ದುದ್ದನೆಯ ಸಂಸ್ಕೃತ ಸಮಾಸಗಳ ನಡುವೆ, ಕೋತಿಯೂ ನರಿಯೂ ಎಷ್ಟೋ ಸಲ ಪಂಡಿತರಂತೆ ನುಡಿಯುತ್ತವೆ. ಆದರೂ ಕಥೆ ಓಡತೊಡಗಿದ ಕಡೆ ಆತನ ಗದ್ಯ ಹಗುರಾಗುತ್ತದೆ. ಅಲ್ಲಿ ಆತನು ಬಲು ಸೊಗಸುಗಾರ. ಮುಂದೆ 1112ರ ಹೊತ್ತಿಗೆ ಗದಗಿಗೆ ಹತ್ತಿರದ ಮುಳುಗುಂದದಲ್ಲಿ ನಯಸೇನನು ಧರ್ಮಾಮೃತವನ್ನು ಬರೆಯುವಾಗ, ಕನ್ನಡದಲ್ಲಿ ಸಲ್ಲದ ಸಂಸ್ಕೃತವನ್ನು ಬೆರೆಸುವವರನ್ನು ತುಪ್ಪಕ್ಕೆ ಎಣ್ಣೆ ಬೆರೆಸುವವರೆಂದು ಹಾಸ್ಯ ಮಾಡಿದನು. ಆ ಬಾಣ ಯಾರಿಗೆ ಗುರಿಯಾಗಿತ್ತೋ. ಸಯ್ಯಡಿಯೂ ಅದರ ಹರವಿನಿಂದ ದೂರವಿರಲಿಲ್ಲ.

ದುರ್ಗಸಿಂಹನ ಕಾಲದ ಬಗ್ಗೆಯೂ ಬಹುದಿನ ಗೊಂದಲವಿತ್ತು. ಜಗದೇಕಮಲ್ಲನೆಂಬ ಬಿರುದು 12ನೆಯ ಶತಮಾನದ ಇನ್ನೊಬ್ಬ ಚಾಲುಕ್ಯ ಅರಸನಿಗೂ ಇದ್ದುದರಿಂದ, ಮೊದಲ ಸಾಹಿತ್ಯಚರಿತ್ರಕಾರರು ಕವಿಯನ್ನು 1145ರ ಸುಮಾರಿಗೆ ಇಳಿಸಿದ್ದರು. ಗ್ರಂಥದ ಕಾಲವನ್ನು ತಿಳಿಸುವ ಪದ್ಯದ ಬಲದಿಂದ 1031 ಎಂಬುದು ನಿಶ್ಚಯವಾಯಿತು. ಹೀಗೆ ಒಂದು ಶತಮಾನಕ್ಕೂ ಮಿಗಿಲಾದ ಹಿರಿತನ ಆತನಿಗೆ ಮರಳಿತು. ತೀರ ಈಚೆಗೆ ಆತನ ವೃಕ್ಷಸಾಕ್ಷಿ ಕರ್ನಾಟಕದ ಹತ್ತನೆಯ ತರಗತಿಯ ಕನ್ನಡ ಪಠ್ಯಪುಸ್ತಕದಲ್ಲಿ ಸ್ಥಾನ ಪಡೆಯಿತು. ಮೊದಲೆರಡು ಪುಟಗಳಲ್ಲಿ ಹಳಗನ್ನಡದ ಶಬ್ದಾರ್ಥಗಳಿಗೆ ತಡಕಾಡುವ ಹುಡುಗರು ಪೊಟರೆಯಲ್ಲಿ ಮುದುಕನು ಅಡಗುವ ಹೊತ್ತಿಗೆ ಮಾಸ್ತರರಿಗಿಂತ ಮುಂದಿನ ಸಾಲಿನಲ್ಲಿರುತ್ತಾರೆ.