ಮಿತಾಕ್ಷರದ ವಿಜ್ಞಾನೇಶ್ವರ

ಪುಲಿಗೆರೆಯೆಂದು ಹೆಸರಾಗಿದ್ದ ಲಕ್ಷ್ಮೇಶ್ವರದಲ್ಲಿ, ಬೆಳ್ವೊಲ ನಾಡಿನ ಗದಗದಲ್ಲಿ ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಕಾಲದ ಶಾಸನಗಳು ದೊರೆತಿವೆ. ಇಂಥ ದಾನಶಾಸನಗಳಲ್ಲಿ ಭೂಮಿಯ ಅಳತೆಯುಂಟು, ಎಲ್ಲೆಯುಂಟು, ದಾನವನ್ನು ಕೆಡಿಸಿದವನಿಗೆ ಶಾಪವೂ ಉಂಟು. ಆದರೆ ಒಂದು ಹೊಲವನ್ನು ತನ್ನದೆಂದು ಹೇಳಿಕೊಳ್ಳಲು ಮನುಷ್ಯನಿಗೆ ಮೊದಲು ಅಧಿಕಾರ ಬಂದುದು ಎಲ್ಲಿಂದ? ಈ ಪ್ರಶ್ನೆಯನ್ನು ಅದೇ ಚಕ್ರವರ್ತಿಯ ಆಳಿಕೆಯಲ್ಲಿ ಕೈಗೆತ್ತಿಕೊಂಡವನು ವಿಜ್ಞಾನೇಶ್ವರ.

ಆತನ ಜೀವನದ ಸಂಗತಿಗಳು ನಮಗೆ ಉಳಿದುಬಂದಿರುವುದು ಸ್ವಲ್ಪವೇ. ಭಾರದ್ವಾಜ ಗೋತ್ರ, ತಂದೆ ಪದ್ಮನಾಭಭಟ್ಟ. ಕ್ರಿ.ಶ. ೧೦೭೬ರಿಂದ ೧೧೨೬ರ ವರೆಗೆ ಆಳಿದ ವಿಕ್ರಮಾದಿತ್ಯನನ್ನೂ ಅವನ ರಾಜಧಾನಿಯಾದ ಕಲ್ಯಾಣವನ್ನೂ ತನ್ನ ಗ್ರಂಥದ ಕೊನೆಯಲ್ಲಿ ಕೊಂಡಾಡಿದ್ದಾನೆ. ಗ್ರಂಥದ ಸಮಾಪ್ತಿವಾಕ್ಯ ಆತನನ್ನು ಪರಮಹಂಸ ಪರಿವ್ರಾಜಕನೆಂದು ಕರೆಯುತ್ತದೆ. ಸ್ವತ್ತನ್ನೆಲ್ಲ ತೊರೆದ ಸಂನ್ಯಾಸಿಯೇ ಸ್ವತ್ತಿನ ನ್ಯಾಯವನ್ನು ವಿಚಾರಿಸಿದುದು ಸೋಜಿಗ.

ಯಾಜ್ಞವಲ್ಕ್ಯ ಸ್ಮೃತಿಗೆ ಆತ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಒಡೆತನವು ಶಾಸ್ತ್ರದಿಂದ ಮಾತ್ರ ತಿಳಿಯತಕ್ಕದ್ದೆಂಬ ಪಕ್ಷ ಆಗ ಪ್ರಬಲವಾಗಿತ್ತು. ವಿಜ್ಞಾನೇಶ್ವರ ಅದನ್ನು ಒಪ್ಪಲಿಲ್ಲ. ಶಾಸ್ತ್ರದ ಸೋಂಕಿಲ್ಲದ ಗಡಿನಾಡಿನ ಜನರೂ ಕೊಳ್ಳುತ್ತಾರೆ, ಮಾರುತ್ತಾರೆ. ಆದುದರಿಂದ ಒಡೆತನ ಲೋಕವ್ಯವಹಾರದಲ್ಲಿಯೇ ಸಿದ್ಧವಾದುದೆಂದು ಸಾಧಿಸಿದ. ಹಾಗಾದರೆ ಕದ್ದದ್ದೂ ಕಳ್ಳನ ಸ್ವತ್ತಾಗಬೇಕಲ್ಲವೆ ಎಂಬ ಆಕ್ಷೇಪವನ್ನು ತಾನೇ ಎತ್ತಿ, ಲೋಕವೇ ಅದನ್ನು ಸ್ವತ್ತೆಂದು ಎಣಿಸುವುದಿಲ್ಲವೆಂದು ಪರಿಹರಿಸಿದ.

ಸ್ವತ್ತು ದೊರೆಯುವ ಬಗೆಗಳನ್ನು ಗೌತಮನ ಧರ್ಮಸೂತ್ರ ಎಣಿಸಿತ್ತು: ದಾಯ, ಕ್ರಯ, ವಿಭಾಗ, ಪರಿಗ್ರಹ, ಅಧಿಗಮ. ಇವುಗಳಲ್ಲಿ ಪರಿಗ್ರಹವೆಂದರೆ ಯಾರದೂ ಅಲ್ಲದ ಕಾಡಿನ ನೀರು, ಹುಲ್ಲು, ಸೌದೆಗಳನ್ನು ಮೊದಲು ಕೈವಶ ಮಾಡಿಕೊಳ್ಳುವುದೆಂದೂ, ಅಧಿಗಮವೆಂದರೆ ನಿಧಿ ಮುಂತಾದವು ಸಿಕ್ಕುವುದೆಂದೂ ಆತ ಬಿಡಿಸಿ ಹೇಳಿದ. ಶಾಸ್ತ್ರನಿಷಿದ್ಧ ಮಾರ್ಗದಿಂದ ತಂದೆ ಗಳಿಸಿದ ಹಣದ ಗತಿ? ಪ್ರಾಯಶ್ಚಿತ್ತ ತಂದೆಗೆ, ಮಕ್ಕಳು ಅದನ್ನು ದಾಯವಾಗಿ ಹಂಚಿಕೊಂಡರೆ ದೋಷವಿಲ್ಲ.

ಹಿರಿಯರ ಸ್ವತ್ತಿನಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂಬುದು ಆತನ ಪ್ರಸಿದ್ಧ ಸಿದ್ಧಾಂತ. ಬಂಗಾಳದ ಜೀಮೂತವಾಹನನ ದಾಯಭಾಗದ ಪ್ರಕಾರ ತಂದೆ ಗತಿಸಿದ ಮೇಲೆಯೇ ಮಗನಿಗೆ ಹಕ್ಕು. ೧೮೧೦ರಲ್ಲಿ ಕೋಲ್‌ಬ್ರೂಕ್ ಎರಡು ಮತಗಳನ್ನೂ ಇಂಗ್ಲಿಷಿಗೆ ತಂದ ಮೇಲೆ ನ್ಯಾಯಾಲಯಗಳಿಗೆ ಅವೇ ಆಧಾರವಾದವು. ಬಂಗಾಳದ ಕಡೆಯನ್ನು ಬಿಟ್ಟರೆ ದೇಶದ ಬಹುಭಾಗ ಮಿತಾಕ್ಷರವನ್ನೇ ಅನುಸರಿಸಿತು. ಕನ್ನಡ ರಾಜಧಾನಿಯ ಆಶ್ರಯದಲ್ಲಿ ಬೆಳೆದ ಗ್ರಂಥಕ್ಕೆ ಇದಕ್ಕಿಂತ ವಿಸ್ತಾರವಾದ ರಾಜ್ಯ ಬೇಕೆ?

ಸ್ತ್ರೀಯ ವಿಷಯದಲ್ಲಿ ಆತ ಉದಾರಿಯೂ ಹೌದು, ತನ್ನ ಕಾಲದವನೂ ಹೌದು. ದಾಯವಾಗಿಯೋ ಕ್ರಯದಿಂದಲೋ ವಿಭಾಗದಿಂದಲೋ ಹೆಣ್ಣಿಗೆ ಬಂದುದೆಲ್ಲವೂ ಸ್ತ್ರೀಧನವೇ ಎಂದು ವಿಶಾಲಾರ್ಥ ಮಾಡಿದ. ಬ್ರಿಟಿಷರ ಪ್ರಿವಿ ಕೌನ್ಸಿಲ್ ಆ ಅರ್ಥವನ್ನು ಕುಗ್ಗಿಸಿತು. ಹೆಣ್ಣಿಗೆ ಬಂದ ಸ್ವತ್ತಿನ ಮೇಲೆ ಅವಳಿಗೆ ಪೂರ್ಣ ಒಡೆತನವನ್ನು ೧೯೫೬ರ ಹಿಂದೂ ಉತ್ತರಾಧಿಕಾರ ಶಾಸನ ಮರಳಿ ಕೊಟ್ಟಿತು. ಆದರೆ ಹುಟ್ಟಿನಿಂದ ಬರುವ ಹಕ್ಕನ್ನು ವಿಜ್ಞಾನೇಶ್ವರ ಮಗಳಿಗೆ ಹೇಳಿರಲಿಲ್ಲ. ಲೋಕವನ್ನು ನೋಡಿ ಒಡೆತನವನ್ನು ತಿಳಿಯಬೇಕೆಂದವನು ತಾನು ಕಂಡ ಲೋಕದಾಚೆಗೆ ಹೋಗಲಿಲ್ಲ. ಲೋಕ ಬದಲಾಯಿತು, ೨೦೦೫ರ ತಿದ್ದುಪಡಿ ಮಗಳನ್ನೂ ಮಗನಂತೆಯೇ ಜನ್ಮದಿಂದ ಸಹಭಾಗಿಯನ್ನಾಗಿ ಮಾಡಿತು. ಇಂದು ನಮ್ಮ ಹಳ್ಳಿಯ ಹಿಂದೂ ಮನೆತನದ ಹೆಣ್ಣುಮಗಳು ಹಿರಿಯರ ಹೊಲದಲ್ಲಿ ಪಾಲು ಕೇಳುವಾಗ, ಕಲ್ಯಾಣದ ಸಂನ್ಯಾಸಿ ಅವಳ ಅಣ್ಣತಮ್ಮಂದಿರಿಗಾಗಿ ಹೂಡಿದ ವಾದವೇ ಅವಳ ಬೆನ್ನಿಗಿದೆ.